ಆರಂಭಶೂರರಿಗೆ ಒಂದು ಮಾತು

‘ಆರಂಭಶೂರ’ ಎಂಬ ಬಿರುದು ಯಾರಿಗೂ ಬೇಡ. ಆದರೆ ಕಳೆದ ಶ್ರಾವಣದಲ್ಲಿ ಅದು ನನಗೂ ನನ್ನ ಹಾಸ್ಟೆಲಿನ ನಾಲ್ವರು ಮಿತ್ರರಿಗೂ ತಾನಾಗಿಯೇ ಒಲಿದು ಬಂದಿತು. ಮ್ಯಾರಥಾನ್ ಓಟಕ್ಕೆ ಸಿದ್ಧರಾಗುತ್ತೇವೆಂದು ಊಟದ ಮನೆಯಲ್ಲಿ ಎಲ್ಲರೆದುರು ಸಾರಿ, ಮರುದಿನ ಮುಂಜಾನೆ ಐದು ಗಂಟೆಗೆ ಮೈದಾನಕ್ಕೆ ಹೊರಟ ನಮ್ಮ ಗತ್ತನ್ನು ನೀವು ನೋಡಬೇಕಾಗಿತ್ತು! ಮೊದಲ ವಾರ ಐವರು. ಗಣೇಶನ ಹಬ್ಬದ ಹೊತ್ತಿಗೆ ಮೂವರು. ದಸರಾ ರಜೆ ಮುಗಿದಾಗ ಇಬ್ಬರು. ಆ ಇಬ್ಬರಲ್ಲಿ ನಾನೊಬ್ಬ ಉಳಿದದ್ದು ನನ್ನ ಮನೋಬಲದಿಂದ ಎಂದರೆ ಶುದ್ಧ ಸುಳ್ಳಾದೀತು. ಹಾಗಾದರೆ ಹೇಗೆ ಉಳಿದೆ? ಅದನ್ನೇ ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮ್ಯಾರಥಾನಿನ ದೂರ 42.195 ಕಿಲೋಮೀಟರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ಈ ದೂರವೇ 1921ರಲ್ಲಿ ನಿಯಮವಾಗಿ ನಿಂತಿತು. ಇಷ್ಟಕ್ಕೆ ದೇಹವನ್ನು ಹದಗೊಳಿಸಲು ಹೊಸಬನಿಗೆ ತಿಂಗಳುಗಟ್ಟಲೆ ಬೇಕು. ಹುರುಪಿನ ಆಯುಸ್ಸೋ ಎರಡು ವಾರ! ‘ಮನಸ್ಸಿದ್ದರೆ ಮಾರ್ಗ’ ಎಂದು ಹಿರಿಯರು ಹೇಳುತ್ತಾರೆ. ಮಾತು ನಿಜ, ಆದರೆ ಬೆಳಗಿನ ಚಳಿಯಲ್ಲಿ ಮನಸ್ಸು ಹುಡುಕುವ ಮಾರ್ಗ ಕಂಬಳಿಯೊಳಗಿನದು. ಆದ್ದರಿಂದ ಏಳುವ ಹೊತ್ತಿನಲ್ಲಿ ಮನಸ್ಸನ್ನು ಕೇಳಲೇಬಾರದು. ಕೇಳುವುದನ್ನೆಲ್ಲ ಹಿಂದಿನ ರಾತ್ರಿಯೇ ಕೇಳಿ ಮುಗಿಸಿ, ಬೂಟುಗಳನ್ನು ಬಾಗಿಲ ಬಳಿ ಇಟ್ಟು, ಇನ್ನೊಬ್ಬರಿಗೆ ಮಾತು ಕೊಟ್ಟು ಮಲಗಬೇಕು. ಸಂಕಲ್ಪ ಎದೆಯೊಳಗೆ ಮಾತ್ರ ಇದ್ದರೆ ಕರಗುತ್ತದೆ. ಹೊರಗಿನ ಏರ್ಪಾಡಿಗೆ ಕಟ್ಟಿಹಾಕಿದರೆ ನಿಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಜೊತೆಗಾರ ಮಿತಭಾಷಿ. ದಿನವೂ ಗೇಟಿನ ಬಳಿಯ ಹುಣಸೆಮರದ ಕೆಳಗೆ ಬಂದು ನಿಲ್ಲುತ್ತಾನೆ. ಒಂದು ದಿನ ನಾನು ಹೋಗಲಿಲ್ಲ. ಒಬ್ಬನೇ ಓಡಿ ಬಂದವನು, “ಕಾಲು ಗಂಟೆ ಕಾದೆ ಕಣೋ” ಎಂದನಷ್ಟೆ. ಬೈದಿದ್ದರೆ ಜಗಳವಾಡಿ ಮರೆಯಬಹುದಿತ್ತು. ಆ ಕಾಲು ಗಂಟೆ ಮಾತ್ರ ಇಂದಿಗೂ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದೆ. ಜೊತೆಯ ಬಲ ನಮ್ಮಂಥ ಬಡಪಾಯಿಗಳಿಗೆ ಮಾತ್ರ ಬೇಕಾದುದಲ್ಲ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಈ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗ, ಸರದಿಯ ಮೇಲೆ ಅವರ ಸುತ್ತ ಓಡಿ ವೇಗ ಕಾಯ್ದವರು ಹಲವು ಮಂದಿ! ಅದು ಅಧಿಕೃತ ದಾಖಲೆಯಾಗಲಿಲ್ಲ, ಸರಿ. ಆದರೆ ಅಷ್ಟು ದೊಡ್ಡ ಓಟಗಾರರೂ ಒಬ್ಬಂಟಿಯಾಗಿ ಅದಕ್ಕೆ ಕೈಹಾಕಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಅತ್ಯುತ್ಸಾಹದ ಮಾತು. ತಪ್ಪಿದ ದಿನಗಳ ಸಾಲ ತೀರಿಸಲು ನಾನು ಒಂದೇ ವಾರದಲ್ಲಿ ದೂರವನ್ನು ಇಮ್ಮಡಿ ಮಾಡಿದೆ. ಮೊಣಕಾಲ ಕೆಳಗಿನ ಎಲುಬು ನೋಯತೊಡಗಿ ಹತ್ತು ದಿನ ಕುಳಿತೆ. ವಾರಕ್ಕೊಂದು ದೀರ್ಘ ಓಟ, ಉಳಿದಂತೆ ಮಾತನಾಡುತ್ತ ಓಡಬಹುದಾದಷ್ಟು ನಿಧಾನ, ನಡುವೆ ವಿಶ್ರಾಂತಿ: ಇಷ್ಟೇ ಸಾಕೆಂದು ಆಗ ತಿಳಿಯಿತು. ನೋವನ್ನು ಕಡೆಗಣಿಸುವುದು ನಿಷ್ಠೆಯಲ್ಲ. ನಾಳೆಯೂ ಓಡುವಂತೆ ಇಂದು ಓಡುವುದೇ ನಿಷ್ಠೆ.

“ಒಮ್ಮೆ ಬಿಟ್ಟಾಯಿತಲ್ಲ, ಇನ್ನೇನು?” ಎನ್ನುವವರಿದ್ದಾರೆ. ಜಪಾನಿನ ಷಿಜೊ ಕನಕುರಿಯ ಕಥೆ ಅಂಥವರಿಗಾಗಿಯೇ ಇದೆ. 1912ರ ಸ್ಟಾಕ್‌ಹೋಂ ಒಲಿಂಪಿಕ್ಸಿನ ಸುಡುಬಿಸಿಲಿನಲ್ಲಿ ಆತ ಅರ್ಧದಲ್ಲೇ ಬಳಲಿ ನಿಂತ. ಅಧಿಕಾರಿಗಳಿಗೆ ತಿಳಿಸದೆ ಊರಿಗೆ ಮರಳಿದ. ಆದರೆ ಓಟವನ್ನು ಬಿಡಲಿಲ್ಲ. 1920ರಲ್ಲಿ ಆಂಟ್‌ವರ್ಪಿನಲ್ಲಿ ಪೂರ್ತಿ ಓಡಿ 16ನೆಯವನಾದ. 1967ರಲ್ಲಿ ಸ್ವೀಡನ್ನಿನವರು ಅವನನ್ನು ಆದರದಿಂದ ಕರೆಸಿ ಹಳೆಯ ಓಟವನ್ನು ಮುಗಿಸಲು ಹೇಳಿದರು. ಎಪ್ಪತ್ತೈದರ ಆ ಅಜ್ಜ ಗುರಿಯ ಗೆರೆ ದಾಟಿದಾಗ ಆಗಿದ್ದ ಕಾಲ 54 ವರ್ಷ, 8 ತಿಂಗಳು, ಚಿಲ್ಲರೆ ದಿನಗಳು! ನಾಲ್ಕು ತಿಂಗಳು ತಪ್ಪಿಸಿಕೊಂಡವರು ನಾಚಬೇಕಾದ್ದೇನಿದೆ?

ಈ ಲೇಖನವನ್ನು ಸಂಪಾದಕರ ಕೈಗಿಡುವಾಗ ಓಟಕ್ಕೆ ಇನ್ನೂ ಆರು ವಾರವಿದೆ. ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಫಲ ಗೊತ್ತಾಗಿರುತ್ತದೆ. ಗುರಿ ಮುಟ್ಟುತ್ತೇನೆಂದು ಅಚ್ಚಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಆರಂಭಶೂರನಿಗೆ ಆ ಪಾಠ ಒಮ್ಮೆ ಆಗಿದೆ. ನಾಳೆ ಐದು ಗಂಟೆಗೆ ಹುಣಸೆಮರದ ಕೆಳಗೆ ಇರುತ್ತೇನೆ, ಅಷ್ಟು ಹೇಳಬಲ್ಲೆ. ಬಿಟ್ಟುಹೋದ ಮೂವರು ಮಿತ್ರರೇ, ಮರ ದೊಡ್ಡದಿದೆ; ನಿಮಗೂ ಜಾಗವಿದೆ.