ಕಿವಿಗೆ ಬಡ್ತಿ ಎಂಬುದಿಲ್ಲ

ಇಪ್ಪತ್ತರಲ್ಲಿ ಸಿನಿಮಾ ಹಾಡು, ಐವತ್ತರಲ್ಲಿ ಶಾಸ್ತ್ರೀಯ ಸಂಗೀತ. ವಯಸ್ಸು ಮಾಗಿದಂತೆ ಕಿವಿಯೂ ಮಾಗುತ್ತದೆ ಎಂದು ಕಳೆದ ಸಂಚಿಕೆಯ ಲೇಖನ ಸಾರಿದೆ. ಹಿರಿಯರಿಗೆ ಹಿತವಾದ ಮಾತು, ಆದರೆ ನಿಜವಲ್ಲ.

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹತ್ತಿಸಿಕೊಂಡ ಗದುಗಿನ ಭೀಮಸೇನ ಜೋಶಿ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟಾಗ ಇನ್ನೂ ಬಾಲಕ. ಕುಮಾರ ಗಂಧರ್ವರಂತೂ ಹುಡುಗನಾಗಿದ್ದಾಗಲೇ ಕಛೇರಿ ಗೆದ್ದವರು. ಅವರೆಲ್ಲ ಅಸಾಮಾನ್ಯರು ಎನ್ನುತ್ತೀರಾ? ಸರಿ, ಸಾಮಾನ್ಯರನ್ನೇ ನೋಡೋಣ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರವನ್ನು ಹರೆಯದಲ್ಲಿ ನೋಡಿದವರಿಗೆ ಈಗ ಎಪ್ಪತ್ತರ ಆಸುಪಾಸು. ಅವರೆಲ್ಲ ತೋಡಿ, ಭೈರವಿ ರಾಗಗಳಿಗೆ ಬಡ್ತಿ ಪಡೆದರೇ? ಆ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ಹಾಡಿದ್ದು ಕೇಳಿಬಂದರೆ ಇಂದಿಗೂ ಅವರ ಕಾಲು ತಾಳ ಹಾಕುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹತ್ತರಿಂದ ಮೂವತ್ತರೊಳಗಿನ ನೆನಪುಗಳೇ ಮನುಷ್ಯನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಲೇ ಬಂದಿದ್ದಾರೆ. ಹಾಡು ಆ ನೆನಪಿಗೆ ಅಂಟಿಕೊಂಡೇ ಬರುತ್ತದೆ. ಇನ್ನು ಕಿವಿ ಮಾಗುವ ಮಾತು: ವಯಸ್ಸಾದಂತೆ ಮೊದಲು ಕ್ಷೀಣಿಸುವುದೇ ಹೆಚ್ಚಿನ ಕಂಪನಾಂಕದ ಧ್ವನಿಗಳನ್ನು ಕೇಳುವ ಶಕ್ತಿ!

ಐವತ್ತರ ನಂತರ ಕೆಲವರು ಸಂಗೀತ ಸಭೆಗಳಿಗೆ ಹೋಗಲು ಶುರುಮಾಡುವುದು ನಿಜ. ಮಕ್ಕಳು ದೊಡ್ಡವರಾಗಿ, ಸಂಜೆ ಬಿಡುವಾಗಿರುತ್ತದೆ. ಆ ಬಿಡುವನ್ನೇ ಪ್ರೌಢಿಮೆ ಎಂದು ಕರೆದು, ರ‍್ಯಾಪ್ ಕೇಳುವ ಮೊಮ್ಮಕ್ಕಳನ್ನು ಹೀಗಳೆಯುವುದು ವಿಮರ್ಶೆಯಲ್ಲ, ಬರೀ ಹಿರಿತನದ ಜಂಬ.