ನಾಯಿ ಕಿವಿಗೆ ಎಂಜಿನ್ ಆಯಿಲ್ ಬೇಡ

ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರಿಗೆ ಫೋನ್ ಮಾಡ್ತೀವಿ. ತೋಟ ಕಾಯೋ ನಾಯಿ ವಾರಗಟ್ಟಲೆ ಕಿವಿ ಕೆರೆದುಕೊಂಡರೆ ಮಾತ್ರ ಹಳೇ ಎಂಜಿನ್ ಆಯಿಲ್ ಸವರಿ ಸುಮ್ಮನಾಗ್ತೀವಿ. ಇದು ತಪ್ಪು ಅಂತಲೇ ನಾನು ಹೇಳ್ತೀನಿ. ಆ ಎಣ್ಣೆಯನ್ನು ನಾಯಿ ನೆಕ್ಕಿದರೆ ವಿಷ.

ಕಂದು ಗುಗ್ಗೆ, ಕಮಟು ವಾಸನೆ, ಪದೇ ಪದೇ ತಲೆ ಕೊಡವೋದು ಕಂಡರೆ ಮಲಾಸೀಜಿಯಾ ಎಂಬ ಯೀಸ್ಟ್ ಇರಬಹುದು. ಆರೋಗ್ಯವಾಗಿರೋ ನಾಯಿಯ ಚರ್ಮದಲ್ಲೂ ಅದು ಇರುತ್ತೆ. ತೇವ, ಅಲರ್ಜಿ ಸೇರಿದಾಗ ಮಿತಿಮೀರಿ ಬೆಳೆಯುತ್ತೆ. ಜೋಲು ಕಿವಿಯ ನಾಯಿಗಳಿಗೆ ಕಾಟ ಹೆಚ್ಚು.

ಕಿವಿಹುಳ, ಬ್ಯಾಕ್ಟೀರಿಯಾದಿಂದಲೂ ಹೀಗೇ ಆಗೋದರಿಂದ ಮೆಡಿಕಲ್ ಶಾಪಿನ ಡ್ರಾಪ್ಸ್ ನೀವೇ ಹಾಕಬೇಡಿ. ತಮಟೆ ಹರಿದಿದ್ದರೆ ಕೆಲವು ಔಷಧಿಯಿಂದ ಕಿವುಡಾಗಬಹುದು. ಪಶು ಆಸ್ಪತ್ರೆಯಲ್ಲಿ ಗುಗ್ಗೆ ಪರೀಕ್ಷೆ ಮಾಡಿಸಿ. ಚರ್ಮಕ್ಕೆ ಶಾಂಪೂ ಬರೆದುಕೊಟ್ಟರೆ 10 ನಿಮಿಷ ಬಿಟ್ಟು ತೊಳೆಯಿರಿ, ಚೆನ್ನಾಗಿ ಒರೆಸಿ ಒಣಗಿಸಿ. ರಾತ್ರಿಯಿಡೀ ನಮ್ಮ ಬೆಳೆ ಕಾಯೋದಕ್ಕೆ ಇಷ್ಟಾದರೂ ಮಾಡಬೇಕಲ್ವಾ?