ಕೃಷ್ಣೆಯ ಈಜು, ಕಡಲಿನ ಬಂಡೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸದ್ಭಕ್ತ ಕುಟುಂಬಗಳು ರೊಟ್ಟಿ-ಶೇಂಗಾಚಟ್ನಿಯ ಬುತ್ತಿಯೊಡನೆ ಡೇರೆಯನ್ನೂ ಕಟ್ಟಿಕೊಂಡು ಗೋಕರ್ಣಕ್ಕೆ ಹೊರಡುವುದಾದರೆ ನಾವು ಸಂತೋಷಪಡುತ್ತೇವೆ. ಅಲ್ಲಿಯ ಓಂ ಕಡಲತೀರದಲ್ಲಿ ಮಕ್ಕಳಿಗೆ ಆಡಲು ಮರಳೂ ಉಂಟು, ಏರಲು ಬಂಡೆಯೂ ಉಂಟು.

ಆದರೆ ನಮ್ಮವರು ಕೃಷ್ಣೆಯಲ್ಲಿ ಈಜು ಕಲಿತವರು; ಆ ಧೈರ್ಯವೇ ಕಡಲಿನಲ್ಲಿ ಅಪಾಯಕರ. ನದಿಯ ಸೆಳವು ದಂಡೆಗುಂಟ ಒಯ್ಯುವುದು; ಕಡಲಿನ ಹಿನ್ಸೆಳೆತವು ದಂಡೆಯಿಂದ ಒಳಕ್ಕೆಳೆಯುವುದು. ಅದಕ್ಕೆದುರಾಗಿ ಈಜಿದವನು ದಣಿದು ಮುಳುಗುವನು. ದಂಡೆಗೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಿದ್ದ ಬಳಿಕವೇ ದಡದತ್ತ ತಿರುಗಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ಯಾವ ತಾಯಿ ಮರೆತಾಳು?

ಹಂಪಿಯ ಒಣಬಂಡೆಗಳನ್ನು ಹಗ್ಗವಿಲ್ಲದೆ ಏರುವ ನುರಿತವರು ಕೂಡ ಕೆಳಗೆ ದಪ್ಪ ಹಾಸನ್ನು ಹರಡಿ, ಬೀಳುವವರ ತಲೆ-ಬೆನ್ನು ಕಾಯಲು ಒಬ್ಬರನ್ನು ನಿಲ್ಲಿಸುವರು. ಕಡಲ ಬಂಡೆಗಾದರೋ ಪಾಚಿ ಹಿಡಿದಿರುವುದು, ಚಿಪ್ಪುಗಳು ಅಂಗಾಲು ಸೀಳುವುವು. ಅಲೆ ತಾಗುವ ಬಂಡೆಯನ್ನು ಬಿಟ್ಟೇಬಿಡಿರಿ. ಒಣಗಿದ್ದರೂ ಮಗು ತಾನಾಗಿ ಇಳಿಯಬಲ್ಲಷ್ಟು ಎತ್ತರವನ್ನೇ ಏರಲಿ. ಏರುವುದಕ್ಕಿಂತ ಇಳಿಯುವುದೇ ಕಠಿಣ.

ಕಡಲು ದಿನಕ್ಕೆರಡು ಬಾರಿ ಉಬ್ಬುವುದು. ಹುಣ್ಣಿಮೆ-ಅಮಾವಾಸ್ಯೆಗಳ ಸುಮಾರಿಗೆ ಇನ್ನೂ ಹೆಚ್ಚು. (ನಮ್ಮವರ ಪ್ರಯಾಣಗಳೆಲ್ಲ ಆ ದಿನಗಳಿಗೇ ಬೀಳುವುವು!) ಮರಳಿನಲ್ಲಿ ಅಲೆ ತಂದಿಟ್ಟ ಕಸಕಡ್ಡಿಯ ಗೆರೆಗಿಂತ ಬಹಳ ಮೇಲೆ ಡೇರೆ ಹೂಡಿರಿ, ಅದಕ್ಕೂ ಮುನ್ನ ಅಲ್ಲಿ ತಂಗಲು ಅನುಮತಿ ಉಂಟೇ ಎಂದು ಸ್ಥಳೀಯ ಪೊಲೀಸರಲ್ಲಿ ವಿಚಾರಿಸಿರಿ.